ಇಸಿಯು ಬದಲಿಸುವ ಮುಂಚೆ ಒಂದು ಬಲ್ಬ್ ಹಿಡಿದು ನೋಡಿ

ಪ್ರಶ್ನೆ: ಹದಿನೈದು ವರ್ಷ ಹಳೆಯ ಪೆಟ್ರೋಲ್ ಕಾರು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಇಂಜಿನ್ ಕಂಪ್ಯೂಟರ್ (ಇಸಿಯು) ಮಾತೇ ಆಡುವುದಿಲ್ಲ. ಇಸಿಯು ಹೋಗಿದೆ, ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಸ್ಕ್ಯಾನರ್‌ಗೆ ಉತ್ತರ ಬರಲಿಲ್ಲ ಎಂದರೆ ಇಸಿಯು ಸತ್ತಿರಬಹುದು, ಅಥವಾ ಅದಕ್ಕೆ ಕರೆಂಟೇ ಸಿಗದೆ ಇರಬಹುದು. ಹಳೆಯ ಕಾರುಗಳಲ್ಲಿ ಎರಡನೆಯದೇ ಹೆಚ್ಚು.

ಮೊದಲು ಸ್ಕ್ಯಾನರ್ ಸಾಕೆಟ್ ನೋಡಿ. ಹದಿನಾರು ಪಿನ್‌ನ ಸಾಕೆಟ್‌ನಲ್ಲಿ 16ನೆಯದಕ್ಕೆ ಬ್ಯಾಟರಿ ವೋಲ್ಟೇಜ್ ಬರಬೇಕು. 4 ಮತ್ತು 5 ಅರ್ಥ್. ಎಷ್ಟೋ ಕಾರುಗಳಲ್ಲಿ ಸಿಗರೇಟ್ ಲೈಟರ್‌ಗೂ ಈ ಸಾಕೆಟ್‌ಗೂ ಒಂದೇ ಫ್ಯೂಸ್. ಅಗ್ಗದ ಮೊಬೈಲ್ ಚಾರ್ಜರ್ ಆ ಫ್ಯೂಸ್ ಸುಟ್ಟಿದ್ದರೆ ಬೈಗುಳ ತಿನ್ನುವುದು ಇಸಿಯು. ಕ್ಯಾನ್ ವ್ಯವಸ್ಥೆಯ (ಕಂಪ್ಯೂಟರ್‌ಗಳೆಲ್ಲ ಒಂದೇ ಜೋಡಿ ವೈರಿನಲ್ಲಿ ಮಾತಾಡುವ) ಕಾರಾದರೆ ಬ್ಯಾಟರಿ ಬಿಚ್ಚಿ 6 ಮತ್ತು 14ನೆಯ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 60ರ ಆಸುಪಾಸು ಬರಬೇಕು. 120 ಬಂದರೆ ಸಾಲಿನ ಎರಡು ತುದಿಗಳಲ್ಲಿರುವ 120 ಓಮ್ ರೆಸಿಸ್ಟರ್‌ಗಳಲ್ಲಿ ಒಂದರ ದಾರಿ ಎಲ್ಲೋ ಕಡಿದಿದೆ ಎಂದರ್ಥ.

ನಂತರ ಇಸಿಯು ಕನೆಕ್ಟರ್. ಇಲ್ಲಿ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ವೈರಿನ ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಲೋಡ್ ಬಿದ್ದ ಕ್ಷಣ ಅದು ಕುಸಿಯುತ್ತದೆ. ಅದಕ್ಕೇ ಇಂಡಿಕೇಟರ್‌ನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಇಸಿಯು ಬಿಚ್ಚಿ, ವೈರಿಂಗ್ ನಕ್ಷೆ ನೋಡಿಕೊಂಡು, ಪ್ರತಿ ಸಪ್ಲೈ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಬಲ್ಬ್ ಹಿಡಿಯಿರಿ. ಆಮೇಲೆ ಬ್ಯಾಟರಿ ಪಾಸಿಟಿವ್‌ಗೂ ಪ್ರತಿ ಅರ್ಥ್ ಪಿನ್ನಿಗೂ ನಡುವೆ. ಹೆಡ್‌ಲೈಟಿನ ಪಕ್ಕದ ಇಂಡಿಕೇಟರ್‌ನಷ್ಟೇ ಪ್ರಖರವಾಗಿ ಉರಿಯಬೇಕು. ಮಂಕಾದರೆ ಆ ವೈರೇ ಕಳ್ಳ. ಈ ಬಲ್ಬನ್ನು ಸೆನ್ಸರ್ ವೈರಿಗಾಗಲಿ ಏರ್‌ಬ್ಯಾಗ್ ವೈರಿಗಾಗಲಿ ಯಾವ ಕಾರಣಕ್ಕೂ ತಾಗಿಸಬೇಡಿ. ದಪ್ಪ ಪ್ರೋಬನ್ನು ಟರ್ಮಿನಲ್ ಬಾಯಿಗೆ ತುರುಕಲೂಬೇಡಿ. ಬಾಯಿ ಅಗಲವಾದರೆ ಪಿನ್ ಸಡಿಲಾಗಿ, ಇಲ್ಲದ ರೋಗವನ್ನು ನೀವೇ ತಂದಂತೆ.

ಒಂದು ಎಚ್ಚರಿಕೆ. ಇಸಿಯುಗೆ ಕರೆಂಟ್ ಹರಿಸುವ ಸ್ವಿಚ್ಚಾದ ಮೇನ್ ರಿಲೇಯನ್ನು ಬಹಳಷ್ಟು ಕಾರುಗಳಲ್ಲಿ ಇಸಿಯು ತಾನೇ ಅರ್ಥ್ ಕೊಟ್ಟು ಎಳೆಯುತ್ತದೆ. ಇಸಿಯು ಬಿಚ್ಚಿದ್ದಾಗ ಆ ರಿಲೇಯಿಂದ ಬರುವ ಪಿನ್‌ನಲ್ಲಿ ಕರೆಂಟ್ ಇಲ್ಲದಿರುವುದು ಸಹಜ. ರಿಲೇ ತೆಗೆದು ಅದರ ಸಾಕೆಟ್‌ನ 30 ಮತ್ತು 87 ಸಂಖ್ಯೆಯ ಟರ್ಮಿನಲ್‌ಗಳ ನಡುವೆ ಫ್ಯೂಸ್ ಇರುವ ತುಂಡು ವೈರ್ ಹಾಕಿ ಪರೀಕ್ಷಿಸಿ.

ಸಪ್ಲೈ, ಅರ್ಥ್ ಎರಡೂ ಸರಿಯಿದ್ದರೆ ಇಸಿಯು ಮತ್ತೆ ಜೋಡಿಸಿ ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಅಳೆಯಿರಿ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ 5 ವೋಲ್ಟ್ ನೆಲಕಚ್ಚುತ್ತದೆ. ಕೆಲವು ಕಾರುಗಳಲ್ಲಿ ಇಡೀ ಇಸಿಯು ಸತ್ತಂತೆ ಮಲಗುತ್ತದೆ. ಸೆನ್ಸರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ 5 ವೋಲ್ಟ್ ಎದ್ದು ನಿಲ್ಲುತ್ತದೋ ಅದೇ ಅಪರಾಧಿ. ಎಸಿ ಪೈಪಿನ ಮೇಲಿರುವ ಪ್ರೆಶರ್ ಸೆನ್ಸರನ್ನು ಎಲ್ಲರೂ ಮರೆಯುತ್ತಾರೆ, ನೀವು ಮರೆಯಬೇಡಿ.

ಇಷ್ಟೆಲ್ಲ ಸರಿಯಿದ್ದೂ ಉತ್ತರವಿಲ್ಲವೆಂದರೆ ಗ್ಯಾರೇಜಿನವರ ಮಾತು ನಿಜವಿರಬಹುದು.

ಪ್ರಶ್ನೆ: ಪಿ0603 ಕೋಡ್ ಬಂದಿದೆ. ಇದು ಇಸಿಯು ಒಳಗಿನ ಮೆಮೊರಿ ದೋಷವಂತೆ. ಬದಲಿಸಲೇಬೇಕೇ?

ಉತ್ತರ: ಈ ಕೋಡ್ ಒಂದಕ್ಕೇ ಬೇಡ. ಬ್ಯಾಟರಿ ಬಿಚ್ಚಿ ಹಾಕಿದರೂ ಇದು ಬರಬಹುದು, ಸದಾ ಇರಬೇಕಾದ ಬ್ಯಾಟರಿ ಸಪ್ಲೈ ವೈರ್ ಸಡಿಲಾದರೂ ಬರಬಹುದು. ಅಳಿಸಿ, ಟರ್ಮಿನಲ್ ಬಿಗಿ ಮಾಡಿ, ಕೆಲವು ದಿನ ಓಡಿಸಿ ನೋಡಿ. ಪಿ0601, ಪಿ0605, ಪಿ0606 ಮಾತ್ರ ಗಂಭೀರ. ಸಪ್ಲೈ, ಅರ್ಥ್ ಸರಿಯಿದ್ದೂ ಅವು ಅಳಿಸಿದಷ್ಟೂ ಮರಳಿದರೆ ಪೆಟ್ಟಿಗೆಯೊಳಗೇ ಕೆಟ್ಟಿದೆ.

ಪ್ರಶ್ನೆ: ಒಂದು ಸಿಲಿಂಡರ್ ಹೊಡೆಯುತ್ತಿರಲಿಲ್ಲವೆಂದು ಇಸಿಯು ಬದಲಿಸಿದೆವು. ಒಂದೇ ವಾರಕ್ಕೆ ಅದೇ ಸಿಲಿಂಡರ್ ಮತ್ತೆ ಸತ್ತಿತು. ಹೊಸ ಇಸಿಯು ಕಳಪೆಯೇ?

ಉತ್ತರ: ಹಳೆಯದನ್ನು ಕೊಂದದ್ದೇ ಹೊಸದನ್ನೂ ಕೊಂದಿರಬೇಕು. ಪ್ರತಿ ಇಂಜೆಕ್ಟರಿಗೂ, ಕೆಲವು ಕಾರುಗಳಲ್ಲಿ ಕಿಡಿ ಹೊತ್ತಿಸುವ ಪ್ರತಿ ಇಗ್ನಿಷನ್ ಕಾಯಿಲಿಗೂ, ಇಸಿಯು ಒಳಗೊಂದು ಡ್ರೈವರ್ ಟ್ರಾನ್ಸಿಸ್ಟರ್ ಇರುತ್ತದೆ. ಇಂಜೆಕ್ಟರಿನ ಅಥವಾ ಕಾಯಿಲಿನ ತಂತಿ ಸುತ್ತುಗಳು ಒಳಗೇ ಅಂಟಿಕೊಂಡರೆ ಹೆಚ್ಚು ಕರೆಂಟ್ ಹರಿದು ಆ ಟ್ರಾನ್ಸಿಸ್ಟರ್ ಸುಡುತ್ತದೆ. ಇಂಟೇಕ್ ಪೋರ್ಟ್‌ಗೆ ಪೆಟ್ರೋಲ್ ಸಿಂಪಡಿಸುವ ಸಾಮಾನ್ಯ ಇಂಜೆಕ್ಟರ್‌ಗಳಲ್ಲಿ 12ರಿಂದ 16 ಓಮ್ ಇರುತ್ತದೆ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಮೂರು 14 ತೋರಿಸಿ ಒಂದು 7 ತೋರಿಸಿದರೆ ಹೆಚ್ಚು ಹುಡುಕಬೇಕಿಲ್ಲ. ಇಂಜಿನ್ ಬಿಸಿಯಿರುವಾಗಲೂ ಒಮ್ಮೆ ಅಳೆಯಿರಿ, ತಣ್ಣಗಿದ್ದಾಗ ಸರಿಯಾಗಿ ಕಾಣುವ ಸುತ್ತು ಬಿಸಿಯಲ್ಲಿ ಕೈಕೊಡುತ್ತದೆ. ಇಗ್ನೈಟರ್ (ಕಾಯಿಲಿನ ಡ್ರೈವರ್) ಒಳಗೇ ಇರುವ ಮೂರು, ನಾಲ್ಕು ಪಿನ್‌ನ ಕಾಯಿಲನ್ನು ಓಮ್ ಮೀಟರ್‌ನಿಂದ ಅಳೆದು ಪ್ರಯೋಜನವಿಲ್ಲ. ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿ ನೋಡುವುದೇ ದಾರಿ. ಐಡಲ್ ವಾಲ್ವನ್ನೂ ಅನುಮಾನಿಸಿ, ಆಲ್ಟರ್ನೇಟರನ್ನೂ: ಚಾರ್ಜಿಂಗ್ 15 ವೋಲ್ಟ್ ದಾಟುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿರಬಹುದು.

ಇಸಿಯು ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ನೀರು ಎಲ್ಲಿಂದ ಇಳಿಯಿತೆಂದು ಹುಡುಕಿ. ಮುಂಗಾಜಿನ ಕೆಳಗಿನ ನೀರುದಾರಿಯಲ್ಲಿ ಎಲೆ ಕಟ್ಟಿರುವುದು ಸಾಮಾನ್ಯ ಕಾರಣ. ನೀರಲ್ಲ, ಎಣ್ಣೆ ಇದ್ದರೆ ಸೋರುವ ಸೆನ್ಸರಿನಿಂದ ವೈರಿನ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಏರುವ ಹಾಗೆ, ಅಲ್ಲಿಯವರೆಗೆ ಏರಿ ಬಂದಿದೆ.

ಪ್ರಶ್ನೆ: ಅದೇ ಮಾಡೆಲ್‌ನ ಗುಜರಿ ಕಾರಿನ ಇಸಿಯು ಸಿಕ್ಕಿದೆ. ಹಾಕಿದರೆ ಇಂಜಿನ್ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ.

ಉತ್ತರ: ಇದು ಕಳ್ಳತನ ತಡೆಯುವ ಇಮೊಬಿಲೈಸರ್‌ನ ಲಕ್ಷಣ. ಕೀಲಿಯ ತಲೆಯಲ್ಲಿರುವ ಚಿಪ್, ಇಮೊಬಿಲೈಸರ್ ಪೆಟ್ಟಿಗೆ, ಇಸಿಯು ಮೂರೂ ಒಂದೇ ಗುಟ್ಟನ್ನು ಹಂಚಿಕೊಂಡಿರುತ್ತವೆ. ಹೊಸಬ ಬಂದರೆ ಉಳಿದವರು ಬಾಗಿಲು ತೆಗೆಯುವುದಿಲ್ಲ. ದಾರಿ ಮೂರಿವೆ. ಆ ಗುಜರಿ ಕಾರಿನ ಇಮೊಬಿಲೈಸರ್ ಮತ್ತು ಕೀಲಿ ಚಿಪ್ ಸಮೇತ ಸೆಟ್ ತರುವುದು; ಕಾರು ಒಪ್ಪುವುದಾದರೆ ಸ್ಕ್ಯಾನರ್ ಮತ್ತು ಕಾರಿನ ಗುಪ್ತ ಪಿನ್ ಸಂಖ್ಯೆಯಿಂದ ಹೊಸದಾಗಿ ಹೊಂದಿಸುವುದು; ಇಲ್ಲವೇ ಹಳೆಯ ಇಸಿಯುವಿನ ಬೋರ್ಡಿನಲ್ಲಿರುವ ಎಂಟು ಕಾಲಿನ ಈಪ್ರಾಮ್ (ಮೆಮೊರಿ) ಚಿಪ್ಪಿನ ಮಾಹಿತಿಯನ್ನು ಹೊಸದಕ್ಕೆ ನಕಲಿಸುವುದು. ಹಳೆಯ ಕಾರಿಗೆ ಮೂರನೆಯದೇ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಡ್ರೈವರ್ ಸುಟ್ಟ ಇಸಿಯುವಿನಲ್ಲೂ ಈ ಚಿಪ್ ಸಾಮಾನ್ಯವಾಗಿ ಜೀವಂತವಿರುತ್ತದೆ, ಹಾಗಾಗಿ ಹಳೆಯ ಪೆಟ್ಟಿಗೆಯನ್ನು ಎಸೆಯಬೇಡಿ, ಬದಲಿಗೆ ಕೊಡಲೂ ಬೇಡಿ.

ಸಾಕೆಟ್ ಕೂತ ಮಾತ್ರಕ್ಕೆ ಜೋಡಿಯಲ್ಲ. ಲೇಬಲ್‌ನಲ್ಲಿರುವ ಹಾರ್ಡ್‌ವೇರ್, ಸಾಫ್ಟ್‌ವೇರ್ ಸಂಖ್ಯೆ ಎರಡೂ ಹೊಂದಬೇಕು. ಬಾಷ್ ಪೆಟ್ಟಿಗೆಗಳಲ್ಲಿ ಪೆಟ್ರೋಲ್‌ನದು 0261ರಿಂದ, ಡೀಸೆಲ್‌ನದು 0281ರಿಂದ ಶುರುವಾಗುತ್ತದೆ. ಕೊನೆಯ ಅಂಕಿಯವರೆಗೂ ಓದಿ. ಆಟೋಮ್ಯಾಟಿಕ್ ಗೇರಿನದನ್ನು ಮ್ಯಾನುವಲ್‌ಗೆ ಹಾಕಬೇಡಿ. ಕಾಮನ್ ರೈಲ್ ಡೀಸೆಲ್ ಆದರೆ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಕೆತ್ತಿದ ಕೋಡನ್ನು ಹೊಸ ಇಸಿಯುವಿಗೆ ಬರೆಯಬೇಕಾಗಬಹುದು, ಇಲ್ಲವಾದರೆ ಇಂಜಿನ್ ಒರಟಾಗಿ ಓಡುತ್ತದೆ.

ಜೋಡಿಸುವಾಗ ಬ್ಯಾಟರಿ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಕನೆಕ್ಟರನ್ನು ಅದರ ಲಿವರ್‌ನಿಂದಲೇ ಒಳಗೆಳೆಯಿರಿ, ಕೈಯಲ್ಲಿ ಗುದ್ದಿದರೆ ಪಿನ್ ಬಾಗುತ್ತದೆ. ಪ್ರೋಗ್ರಾಂ ಬರೆಯುವಾಗ ಹೆಡ್‌ಲೈಟ್, ಫ್ಯಾನ್ ಎಲ್ಲ ಆರಿಸಿ, ಸುಮಾರು 13.5 ವೋಲ್ಟ್ ಸ್ಥಿರವಾಗಿ ಕೊಡುವ ಸಪ್ಲೈ ಹಾಕಿ. ಸಾಧಾರಣ ಬ್ಯಾಟರಿ ಚಾರ್ಜರ್ ಬೇಡ. ಅರ್ಧದಲ್ಲಿ ವೋಲ್ಟೇಜ್ ಇಳಿದರೆ ಒಳ್ಳೆಯ ಇಸಿಯುವೂ ಕಲ್ಲಾಗುತ್ತದೆ. ಮೊದಮೊದಲು ಐಡಲ್ ಏರಿಳಿದರೆ ಗಾಬರಿ ಬೇಡ, ಥ್ರಾಟಲ್ ಅಡಾಪ್ಟೇಶನ್ (ಥ್ರಾಟಲ್‌ನ ಸ್ಥಾನವನ್ನು ಇಸಿಯುಗೆ ಹೊಸದಾಗಿ ಕಲಿಸುವುದು) ಮಾಡಿಸಿ.

ಪ್ರಶ್ನೆ: 1990ರ ದಶಕದ ಕಾರು. ಇಸಿಯು ಬಿಚ್ಚಿದರೆ ಹಳಸಿದ ಮೀನಿನ ವಾಸನೆ. ಹೊಸದು ಸಿಗುವುದಿಲ್ಲ.

ಉತ್ತರ: ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರಿದ ವಾಸನೆ ಅದು. ಆ ಕಾಲದ ಎಷ್ಟೋ ಇಸಿಯುಗಳ ರೋಗವೇ ಇದು, ದುರಸ್ತಿಯೂ ಸಾಧ್ಯ. ಎಲ್ಲ ಎಲೆಕ್ಟ್ರೋಲಿಟಿಕ್‌ಗಳನ್ನೂ ಒಟ್ಟಿಗೆ ಬದಲಿಸಿ: ಮೈಕ್ರೋಫ್ಯಾರಡ್ ಅದೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿ ಸೆಲ್ಸಿಯಸ್‌ನವೇ ಇರಲಿ, ನೆಗೆಟಿವ್ ಪಟ್ಟಿಯ ದಿಕ್ಕು ತಪ್ಪದಿರಲಿ. ಹೊಸದನ್ನು ಬೆಸೆಯುವ ಮುನ್ನ ಸೋರಿದ ದ್ರವವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಶ್ ಹಾಕಿ ತೊಳೆಯಿರಿ. ಕೆಪಾಸಿಟರ್ ಅಡಿಯ ತಾಮ್ರದ ಗೆರೆ ಕಪ್ಪಾಗಿದ್ದರೆ ಎರಡೂ ತುದಿಗೆ ಮೀಟರ್ ಹಿಡಿಯಿರಿ. ಕಡಿದಿದ್ದರೆ ತೆಳುವಾದ ತಂತಿಯಿಂದ ಸೇತುವೆ ಹಾಕಬೇಕು.