ಓದುಗರ ಪ್ರಶ್ನೆ – ನಮ್ಮ ಉತ್ತರ: ವಾಳೆ, ಗುರಿಕಾರ, ತೆನೆ ಹಬ್ಬ

ಕರಾವಳಿಯ ಕ್ಯಾಥೋಲಿಕ್ ಧರ್ಮಕೇಂದ್ರಗಳ (ಪ್ಯಾರಿಷ್) ಒಳಗಿನ ಬದುಕನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆಯಾಗಿ ಕೊಡಲಾಗಿದೆ.

ಪ್ರಶ್ನೆ: ವರ್ಗಾವಣೆಯಾಗಿ ಬೆಂಗಳೂರಿನಿಂದ ಉಡುಪಿಯ ಹತ್ತಿರ ಬಂದು ನೆಲೆಸಿದ್ದೇವೆ. ಪೂಜೆಯ ಸಮಯ ಅನುಕೂಲವಾಗಿದೆ, ಗಾಯನ ಚೆನ್ನಾಗಿದೆ ಎಂದು ಪೇಟೆಯ ಒಂದು ಚರ್ಚಿಗೆ ಹೋಗುತ್ತಿದ್ದೆವು. ಮಗಳ ಪ್ರಥಮ ಪರಮಪ್ರಸಾದಕ್ಕೆ (ಮೊದಲ ಕಮ್ಯುನಿಯನ್) ಹೆಸರು ಕೊಡಲು ಹೋದಾಗ, 'ನೀವು ಈ ಧರ್ಮಕೇಂದ್ರಕ್ಕೆ ಸೇರಿದವರಲ್ಲ, ನಿಮ್ಮ ವಾಳೆಯ ಗುರಿಕಾರರನ್ನು ಕಾಣಿ' ಎಂದರು. ದೇವಾಲಯಕ್ಕೂ ಗಡಿ ಇರುತ್ತದೆಯೇ? – ಓದುಗರೊಬ್ಬರು, ಉಡುಪಿ

ಉತ್ತರ: ಇರುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 518ನೇ ವಿಧಿಯಂತೆ ಧರ್ಮಕೇಂದ್ರವೆಂಬುದು ಸಾಮಾನ್ಯವಾಗಿ ಒಂದು ಭೂಪ್ರದೇಶಕ್ಕೆ ಸೇರಿದ್ದು, ಆ ಪ್ರದೇಶದಲ್ಲಿ ವಾಸವಾಗಿರುವ ಕ್ಯಾಥೋಲಿಕರೆಲ್ಲರೂ ಅದರವರು. ಭಾಷೆ ಅಥವಾ ಪೂಜಾವಿಧಿಯ ಆಧಾರದ ಮೇಲೆ ಬೇರೆ ಧರ್ಮಕೇಂದ್ರಗಳನ್ನು ರಚಿಸಲು ಅವಕಾಶವಿದ್ದರೂ ಅದು ಅಪವಾದವೇ ಹೊರತು ರೂಢಿಯಲ್ಲ. ನೀವು ಅಲ್ಲೇ ನೆಲೆಸುವ ಉದ್ದೇಶದಿಂದ ಮನೆ ಮಾಡಿದ್ದರೆ ಆ ದಿನದಿಂದಲೇ ಅಲ್ಲಿಯವರಾಗುತ್ತೀರಿ. ಅಂಥ ಉದ್ದೇಶ ಇಲ್ಲದಿದ್ದರೂ ಐದು ವರ್ಷ ತುಂಬಿದರೆ ಅದು ನಿಮ್ಮ ಕಾಯಂ ವಾಸಸ್ಥಾನವೆನಿಸುತ್ತದೆ. ಮೂರು ತಿಂಗಳ ವಾಸಕ್ಕೂ ಸಂಹಿತೆಯಲ್ಲಿ ಒಂದು ಮಟ್ಟದ ಮಾನ್ಯತೆ ಇದೆ.

ಹಾಗೆಂದು ಭಾನುವಾರದ ಬಲಿಪೂಜೆಗೆ ಇಂಥದೇ ಚರ್ಚಿಗೆ ಹೋಗಬೇಕೆಂಬ ಕಟ್ಟುಪಾಡಿಲ್ಲ. ಯಾವ ಕ್ಯಾಥೋಲಿಕ್ ದೇವಾಲಯದಲ್ಲಿ ಪಾಲ್ಗೊಂಡರೂ ಸಲ್ಲುತ್ತದೆ. ಆದರೆ ಪ್ರಥಮ ಪರಮಪ್ರಸಾದದ ಮಾತು ಬೇರೆ: ಮಗು ತಕ್ಕಷ್ಟು ಸಿದ್ಧವಾಗಿದೆಯೇ ಎಂದು ನೋಡುವ ಹೊಣೆ ಹೆತ್ತವರ ಜೊತೆಗೆ ಧರ್ಮಗುರುಗಳದ್ದೂ ಆಗಿರುವುದರಿಂದ, ಮಗುವನ್ನೂ ಮನೆಯನ್ನೂ ಬಲ್ಲ ಗುರುಗಳೇ ಅದನ್ನು ನಡೆಸಿಕೊಡಲಿ ಎಂಬುದು ಕ್ರಮ. ನಿಮಗೆ ಬಂದ ಉತ್ತರದ ಧಾಟಿ ಒರಟಾಗಿದ್ದಿರಬಹುದು; ಅದರ ತಿರುಳು ತಪ್ಪಲ್ಲ.

ಗುರಿಕಾರರ ವಿಷಯಕ್ಕೆ ಬರೋಣ. ಕರಾವಳಿಯ ಪ್ರತಿ ಧರ್ಮಕೇಂದ್ರವನ್ನೂ ವಾಳೆಗಳಾಗಿ ವಿಂಗಡಿಸಿರುತ್ತಾರೆ. ಈಗ ವಾರ್ಡು ಎನ್ನುವವರೇ ಹೆಚ್ಚು. ಒಂದೊಂದು ವಾಳೆಗೂ ಒಬ್ಬ ಗುರಿಕಾರ ಇರುತ್ತಾರೆ. ಸಂಬಳವಿಲ್ಲದ ಈ ಹುದ್ದೆಗೆ ಕೆಲಸ ಮಾತ್ರ ಧಾರಾಳ: ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರು ಹೊಸದಾಗಿ ಬಂದಿದ್ದಾರೆ, ಯಾರು ತೀರಿಕೊಂಡರು ಎಂಬ ಸುದ್ದಿ ಗುರುಗಳಿಗೆ ಮುಟ್ಟುವುದು ಬಹುತೇಕ ಇವರ ಮೂಲಕ. ಸಾವಿನ ಮನೆಯಲ್ಲಿ ಜಪಮಾಲೆಗೆ ಜನ ಸೇರಿಸುವವರೂ ವಾರ್ಷಿಕ ವಂತಿಗೆಗಾಗಿ ಮನೆಮನೆಗೆ ಬರುವವರೂ ಇವರೇ. ಮನಸ್ತಾಪವಾದ ಎರಡು ಮನೆಗಳ ನಡುವೆ ಮೊದಲು ಓಡಾಡಬೇಕಾಗಿ ಬರುವುದೂ ಎಷ್ಟೋ ಸಲ ಇವರಿಗೇ.

ಇದರ ಜೊತೆಗೆ ಕಿರು ಕ್ರೈಸ್ತ ಸಮುದಾಯದ ಕೂಟಗಳಿವೆ. ವಾಳೆಯ ಕೆಲವು ಕುಟುಂಬಗಳು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಶುಭಸಂದೇಶದ ಒಂದು ಭಾಗವನ್ನು ಓದಿ, ತಮಗೆ ತಟ್ಟಿದ ಮಾತನ್ನು ಹೇಳಿ, ಕೊನೆಗೆ ವಾಳೆಯಲ್ಲಿ ಆಗಬೇಕಾದ ಕೆಲಸವೊಂದನ್ನು ಹಂಚಿಕೊಳ್ಳುತ್ತಾರೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹಂತಗಳ ಕ್ರಮವನ್ನು ಏಷ್ಯಾದ ಧರ್ಮಸಭೆಗಳೂ ಬಳಸಿಕೊಂಡಿವೆ. ಏಳು ಹಂತಗಳಲ್ಲಿ ಆರನೆಯದೇ ಕಠಿಣವಾದದ್ದು, ಏಕೆಂದರೆ ಅದು ಮಾತು ಮುಗಿಸಿ ಕೆಲಸ ಒಪ್ಪಿಕೊಳ್ಳುವ ಹಂತ. ಬಹಳಷ್ಟು ಕೂಟಗಳು ಐದರವರೆಗೆ ಚೆನ್ನಾಗಿಯೇ ಸಾಗಿ, ಆರಕ್ಕೆ ಬರುವಷ್ಟರಲ್ಲಿ ಚಹಾ ಬಂದುಬಿಡುತ್ತದೆ.

ಪೇಟೆಯ ಚರ್ಚಿನಲ್ಲಿ ನಿಮ್ಮ ಪಕ್ಕ ಕೂರುವವರನ್ನು ನೀವೇ ಆರಿಸಿಕೊಳ್ಳುತ್ತೀರಿ. ವಾಳೆಯಲ್ಲಿ ಆ ಆಯ್ಕೆ ನಿಮ್ಮದಲ್ಲ. ವ್ಯವಸ್ಥೆಯ ಕಷ್ಟವೂ ಅದೇ, ನನ್ನ ಮಟ್ಟಿಗೆ ಅದರ ಬೆಲೆಯೂ ಅದೇ. ಈ ವಾರವೇ ಗುರಿಕಾರರನ್ನು ಕಂಡು, ಹಿಂದಿನ ಧರ್ಮಕೇಂದ್ರದ ಪತ್ರವನ್ನೂ ಮಗಳ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಪ್ರಮಾಣಪತ್ರವನ್ನೂ ಕೊಟ್ಟು ಹೆಸರು ಬರೆಸಿ. ಪೇಟೆಯ ಗಾಯನ ಕೇಳಬೇಕೆನಿಸಿದ ಭಾನುವಾರ ಅಲ್ಲಿಗೂ ಹೋಗಬಹುದು.

ಪ್ರಶ್ನೆ: ಪಾಲನಾ ಮಂಡಳಿಯಲ್ಲಿ ಬಹುಮತದಿಂದ ಆದ ತೀರ್ಮಾನವನ್ನು ಧರ್ಮಗುರುಗಳು ಒಪ್ಪದಿರಬಹುದೇ? ಹಾಗಿದ್ದರೆ ಮಂಡಳಿ ಏತಕ್ಕೆ? ಚರ್ಚಿನ ಲೆಕ್ಕ ಕೇಳುವ ಹಕ್ಕು ಸಾಮಾನ್ಯ ಸದಸ್ಯರಿಗಿದೆಯೇ? – ಮಂಡಳಿಯ ಸದಸ್ಯರು, ದಕ್ಷಿಣ ಕನ್ನಡ

ಉತ್ತರ: ಒಪ್ಪದಿರಬಹುದು. ಧರ್ಮಸಭೆಯ ಕಾನೂನು ಸಂಹಿತೆಯ 536ನೇ ವಿಧಿ ಧರ್ಮಕೇಂದ್ರದ ಪಾಲನಾ ಮಂಡಳಿಗೆ ಸಲಹೆ ನೀಡುವ ಅಧಿಕಾರವನ್ನಷ್ಟೇ ಕೊಟ್ಟಿದೆ. ಅದರ ಅಧ್ಯಕ್ಷರು ಧರ್ಮಗುರುಗಳೇ. ನಮ್ಮಲ್ಲಿ ಉಪಾಧ್ಯಕ್ಷ ಮತ್ತು ಕಾರ್ಯದರ್ಶಿ ಸ್ಥಾನಗಳಿಗೆ ಚುನಾವಣೆ ನಡೆಯುವುದರಿಂದ ಅದನ್ನು ಪಂಚಾಯಿತಿಯೆಂದು ಭಾವಿಸುವುದು ಸಹಜ, ಆದರೆ ಎರಡರ ಸ್ವರೂಪ ಒಂದಲ್ಲ. ಹಾಗಿದ್ದರೂ, ಸಲಹೆ ಕೇಳಿ ಪ್ರತಿಸಲವೂ ಬದಿಗಿಡುವ ಗುರುಗಳಿಗೆ ಮುಂದಿನ ವರ್ಷ ಸಲಹೆ ಕೊಡುವವರೇ ಸಿಗಲಾರರು ಎಂಬುದು ಕಾನೂನಿನಲ್ಲಿ ಬರೆಯದಿದ್ದರೂ ಎಲ್ಲರೂ ಬಲ್ಲ ಸಂಗತಿ. ನಿರ್ಧಾರಕ್ಕೆ ಒಪ್ಪಿಗೆ ಸಿಗದಿದ್ದಾಗ ಅದಕ್ಕೆ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕಾರ್ಯದರ್ಶಿಗಳು ವಿನಯದಿಂದ ಕೋರಬಹುದು. ಜಗಳಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಹಣದ ವಿಷಯದಲ್ಲಿ ನಿಮ್ಮ ಸ್ಥಾನ ಇನ್ನೂ ಗಟ್ಟಿ. ಪಾಲನಾ ಮಂಡಳಿಯನ್ನು ರಚಿಸುವುದು ಧರ್ಮಾಧ್ಯಕ್ಷರ (ಬಿಷಪ್) ವಿವೇಚನೆಗೆ ಬಿಟ್ಟದ್ದು; ಹಣಕಾಸು ಸಮಿತಿ ಮಾತ್ರ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೇ ವಿಧಿ ಹೇಳುತ್ತದೆ. ಅದರ ರೀತಿಯನ್ನು ಆಯಾ ಧರ್ಮಪ್ರಾಂತ್ಯ (ಡಯಾಸಿಸ್) ಗೊತ್ತುಮಾಡುತ್ತದೆ. ಆದ್ದರಿಂದ ಲೆಕ್ಕ ಕೇಳುವುದು ಅವಿಧೇಯತೆಯಲ್ಲ. ವಾರ್ಷಿಕ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಚ್ಚುವ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಪ್ರಶ್ನೆ: ನಮ್ಮ ನೆರೆಯ ಕ್ರೈಸ್ತ ಕುಟುಂಬದವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಊಟಕ್ಕೆ ಕರೆದಿದ್ದಾರೆ. ಆ ದಿನ ಮೀನು ಮಾಂಸ ಇಲ್ಲವೆಂದು ಕೇಳಿ ಆಶ್ಚರ್ಯವಾಯಿತು. ಹಬ್ಬದ ಕ್ರಮವೇನು? ಬೆಳಗಿನ ಪೂಜೆಗೂ ನಾವು ಹೋಗಬಹುದೇ? – ಓದುಗರೊಬ್ಬರು, ಕಾರ್ಕಳ ತಾಲ್ಲೂಕು

ಉತ್ತರ: ಅದು ಕನ್ಯಾ ಮರಿಯಮ್ಮನವರ ಜನ್ಮದಿನದ ಹಬ್ಬ, ಕರಾವಳಿಯಲ್ಲಿ ಹೊಸ ಬೆಳೆಯ ಹಬ್ಬವೂ ಹೌದು. ತುಳುವರ ಮನೆಗಳಲ್ಲಿ ಪುದ್ವಾರ್ ಊಟ, ಕೊಡವರಲ್ಲಿ ಹುತ್ತರಿ ಹೇಗೋ ಇದೂ ಹಾಗೆಯೇ, ಮನೆಗೆ ಬಂದ ಮೊದಲ ತೆನೆಯನ್ನು ದೇವರಿಗೆ ಒಪ್ಪಿಸಿ ಉಣ್ಣುವ ದಿನ. ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಆರಂಭವಾಗುತ್ತದೆ. ಮಳೆ ಇನ್ನೂ ಪೂರ್ತಿ ಬಿಡದ ಆ ದಿನಗಳಲ್ಲಿ ಮಕ್ಕಳು ಅಂಗಳದ, ಬೇಲಿಯ, ತೋಟದ ಹೂಗಳನ್ನು ಕೊಯ್ದು ಬುಟ್ಟಿಯಲ್ಲೋ ತಟ್ಟೆಯಲ್ಲೋ ತಂದು, ಸಾಲಾಗಿ ಬಂದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹೊರಗಿನವರು ಈ ಹಬ್ಬದಲ್ಲಿ ಒಂದನ್ನೇ ನೋಡಬಹುದಾದರೆ ಇದನ್ನೇ ನೋಡಬೇಕು.

ಹಬ್ಬದ ಬೆಳಿಗ್ಗೆ ತೆನೆಯನ್ನು ಆಶೀರ್ವದಿಸಿ, ಪ್ರತಿಮೆಯೊಂದಿಗೆ ಮೆರವಣಿಗೆಯಲ್ಲಿ ಚರ್ಚಿಗೆ ತರುತ್ತಾರೆ. ಪೂಜೆ ಮುಗಿದ ಮೇಲೆ ಪ್ರತಿ ಕುಟುಂಬಕ್ಕೂ ಕೆಲವು ತೆನೆಗಳು, ಮಕ್ಕಳಿಗೆ ಕಬ್ಬು. ಗದ್ದೆಗಳೇ ಉಳಿಯದ ಪೇಟೆಯ ಧರ್ಮಕೇಂದ್ರಗಳು ಈಗ ತೆನೆಗಾಗಿ ಹಳ್ಳಿಯ ಕಡೆ ಮುಖಮಾಡಬೇಕಾಗಿದೆ. ಹಡಿಲು ಬಿದ್ದ ಗದ್ದೆಯನ್ನು ಹಿಡಿದು ಯುವಜನರೇ ನಾಟಿ ಮಾಡಿದ ಧರ್ಮಕೇಂದ್ರಗಳೂ ಉಂಟು.

ಮನೆಯಲ್ಲಿ ನಡೆಯುವುದನ್ನು ನೀವು ಹತ್ತಿರದಿಂದ ನೋಡುವಿರಿ. ತಂದ ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಕೆಲವು ಕಾಳುಗಳನ್ನು ಉಗುರಿನಿಂದ ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಮನೆಯ ಹಿರಿಯರು ಅದನ್ನು ಎಲ್ಲರಿಗೂ ಹಂಚಿದ ಬಳಿಕವೇ ಊಟ. ಬಾಳೆಲೆಯ ಮೇಲೆ ಬಡಿಸುವ ಆ ಊಟದಲ್ಲಿ ಪಲ್ಯ ಪದಾರ್ಥಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿರಬೇಕೆಂಬ ರೂಢಿಯಿದೆ. ಕೆಸುವಿನ ಎಲೆ ಮತ್ತು ಹರಿವೆ ದಂಟಿಗೆ ಅಂಬಟೆಕಾಯಿ ಹಾಕಿ ಮಾಡುವ ಪದಾರ್ಥ ಅನೇಕ ಮನೆಗಳಲ್ಲಿ ತಪ್ಪುವುದಿಲ್ಲ. ಬೆಂಡೆ, ಹೀರೆ, ಹಾಗಲ ಮುಂತಾದವು ಆಯಾ ಮನೆಯ ಹಿತ್ತಿಲಿಗೆ ತಕ್ಕಂತೆ. ಮೀನು ಮಾಂಸ ಬಿಡುವುದು ಧರ್ಮಸಭೆಯ ಕಾನೂನಿನಿಂದಲ್ಲ, ಹಿರಿಯರ ರೂಢಿಯಿಂದ. ಅದು ನೆಲದ ಬೆಳೆಯ ದಿನವಾದ್ದರಿಂದ ನೆಲದಲ್ಲಿ ಬೆಳೆದದ್ದನ್ನೇ ಉಣ್ಣುತ್ತಾರೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳಿಗೆ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ತಾಯಂದಿರು ಇಂದಿಗೂ ಇದ್ದಾರೆ.

ಬೆಳಗಿನ ಪೂಜೆಗೆ ಧಾರಾಳವಾಗಿ ಹೋಗಿ. ನಿಮ್ಮ ಮಕ್ಕಳೂ ಹೂ ಅರ್ಪಿಸಬಹುದು. ಪರಮಪ್ರಸಾದ ಸ್ವೀಕರಿಸಲು ಜನ ಸಾಲು ಹಿಡಿದಾಗ ಮಾತ್ರ ಕುಳಿತಲ್ಲೇ ಇರಿ, ಏಕೆಂದರೆ ಅದು ಜ್ಞಾನಸ್ನಾನ ಪಡೆದು ಅದಕ್ಕೆಂದೇ ಸಿದ್ಧರಾದ ಕ್ಯಾಥೋಲಿಕರಿಗೆ ಮೀಸಲು. ಊಟಕ್ಕೆ ಹೋಗುವಾಗ ಸಿಹಿ ಡಬ್ಬಕ್ಕಿಂತ ನಿಮ್ಮ ಹಿತ್ತಿಲ ತರಕಾರಿ ಒಯ್ಯುವುದು ಒಳ್ಳೆಯದು, ಅದೂ ಹಿಂದಿನ ದಿನವೇ.

ಪ್ರಶ್ನೆ: ಬೆಂಗಳೂರಿನ ಶಿವಾಜಿನಗರದಲ್ಲಿ ಅದೇ ದಿನ ರಥೋತ್ಸವ ನಡೆಯುತ್ತದೆ. ಅದಕ್ಕೂ ತೆನೆ ಹಬ್ಬಕ್ಕೂ ಸಂಬಂಧವಿದೆಯೇ? – ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಹಬ್ಬ ಒಂದೇ, ಆಚರಣೆ ಬೇರೆ. 1973ರಲ್ಲಿ ಕಿರು ಬೆಸಿಲಿಕಾ ಎಂಬ ಗೌರವ ಪಡೆದ ಸಂತ ಮೇರಿ ದೇವಾಲಯದಲ್ಲಿ ಧ್ವಜಾರೋಹಣದಿಂದ ಆರಂಭವಾಗುವ ಉತ್ಸವ ಸಂಜೆಯ ತೇರಿನ ಮೆರವಣಿಗೆಯೊಂದಿಗೆ ಮುಗಿಯುತ್ತದೆ. ಅಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ನಡೆಯುತ್ತವೆ. ಕಾವಿ ಬಣ್ಣದ ಉಡುಗೆ ತೊಟ್ಟು ಹರಕೆ ತೀರಿಸುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಅದು ನಗರದ ಯಾತ್ರಾಸ್ಥಳದ ಹಬ್ಬ, ಕರಾವಳಿಯದು ಮನೆ ಮತ್ತು ಗದ್ದೆಯ ಹಬ್ಬ.

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಕ್ಯಾಥೋಲಿಕ್ ಸಭಾ, ಸ್ತ್ರೀ ಸಂಘಟನೆ, ಯುವ ಸಂಚಲನ, ಮರಿಯಾಳ ಸೇನೆ, ವಿನ್ಸೆಂಟ್ ಡಿ ಪಾವ್ಲ್ ಸಭೆ ಎಂದು ಹಲವು ಸಂಘಗಳಿವೆ. ಎಲ್ಲದರಲ್ಲೂ ಅದೇ ಮುಖಗಳು. ಕೆಲಸಕ್ಕೆ ಹೋಗುವ ನನ್ನಂಥವನು ಯಾವುದಕ್ಕೆ ಸೇರಲಿ? – ಯುವಕರೊಬ್ಬರು, ಕುಂದಾಪುರ

ಉತ್ತರ: ನಿಮಗೆ ವಾರದಲ್ಲಿ ಒಂದು ಗಂಟೆಯಷ್ಟೇ ಸಿಗುವುದಾದರೆ ವಿನ್ಸೆಂಟ್ ಡಿ ಪಾವ್ಲ್ ಸಭೆಯನ್ನು ನೋಡಿ ಎನ್ನುತ್ತೇನೆ. ಇದು 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜಾನಮ್ ಮತ್ತು ಅವರ ಗೆಳೆಯರು ಆರಂಭಿಸಿದ್ದು. ಆಗ ಓಜಾನಮ್ ಇಪ್ಪತ್ತರ ಹರೆಯದ ವಿದ್ಯಾರ್ಥಿ. ಬಡವರನ್ನು ಚರ್ಚಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸಿ ಕೊಡುವುದಲ್ಲ, ಇಬ್ಬಿಬ್ಬರು ಸದಸ್ಯರು ಅವರ ಮನೆಗೇ ಹೋಗಿ ಕುಳಿತು ಮಾತಾಡಿ ಬರುವುದು ಇದರ ಪದ್ಧತಿ. ಔಷಧಿ, ಶಾಲೆಯ ಶುಲ್ಕ, ಸೋರುವ ಮಾಡಿನ ಹಂಚು ಇಂಥವು ಸಭೆಯ ಮುಂದೆ ಬರುತ್ತವೆ; ನೆರವು ಪಡೆದವರ ಹೆಸರು ಹೊರಗೆ ಹೋಗುವುದಿಲ್ಲ. ಸಭೆಯ ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿಯನ್ನು ಒಳಗೆ ಹಾಕಿ ತೆಗೆಯುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಪಕ್ಕದವರಿಗೂ ತಿಳಿಯದು. ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ನಮ್ಮ ಅಭ್ಯಾಸದ ನಡುವೆ ಈ ಚೀಲ ಉಳಿದುಕೊಂಡಿರುವುದು ಸಮಾಧಾನದ ವಿಷಯ.

ಅದೇ ಮುಖಗಳೆಂಬ ನಿಮ್ಮ ದೂರು ನಿಜ. ಒಬ್ಬರು ಏಕಕಾಲಕ್ಕೆ ಎಷ್ಟು ಸಂಘಗಳಲ್ಲಿ ಪದಾಧಿಕಾರಿಯಾಗಿರಬಹುದು ಎಂಬುದಕ್ಕೆ ಮಿತಿ ಹಾಕುವ ಅಗತ್ಯವನ್ನು ನಿಮ್ಮ ವಾಳೆಯ ಪ್ರತಿನಿಧಿಯ ಮೂಲಕ ಪಾಲನಾ ಮಂಡಳಿಯಲ್ಲಿ ಎತ್ತಬಹುದು.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ, ಮದುವೆ ವಧುವಿನ ಊರಿನಲ್ಲಿ. ಜ್ಞಾನಸ್ನಾನದ ಹಳೆಯ ಪ್ರಮಾಣಪತ್ರ ನಮ್ಮಲ್ಲಿದ್ದರೂ ಹೊಸದಾಗಿ ತರಬೇಕೆನ್ನುತ್ತಾರೆ. ಏಕೆ? – ತಾಯಿಯೊಬ್ಬರು, ಮಂಗಳೂರು

ಉತ್ತರ: ಜ್ಞಾನಸ್ನಾನದ ದಾಖಲೆ ಒಂದೇ ದಿನದಲ್ಲಿ ಬರೆದು ಮುಗಿಸುವಂಥದ್ದಲ್ಲ. ದೃಢೀಕರಣ, ಮದುವೆ, ಗುರುದೀಕ್ಷೆ ಎಲ್ಲಿ ನಡೆದರೂ ಅದರ ಸೂಚನೆ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ಹೋಗಿ, ಮೂಲ ಪುಸ್ತಕದಲ್ಲಿ ಆ ಹೆಸರಿನ ಪಕ್ಕ ಸೇರುತ್ತದೆ. ಮದುವೆಯ ದಾಖಲೆ ಪುಸ್ತಕವನ್ನು ಟ್ರೆಂಟ್ ಮಹಾಸಭೆ 1563ರಲ್ಲಿಯೇ ಕಡ್ಡಾಯ ಮಾಡಿತು. ಜ್ಞಾನಸ್ನಾನದ ಪುಸ್ತಕದಲ್ಲಿ ಮದುವೆಯನ್ನೂ ನಮೂದಿಸುವ ನಿಯಮ 1907ರ ಆದೇಶದಿಂದ ಬಂತು. ಹೊಸ ಪ್ರತಿ ಕೇಳುವುದು ನಿಮ್ಮ ಮಗ ಈಗಲೂ ಅವಿವಾಹಿತನೆಂದು ಖಚಿತಪಡಿಸಿಕೊಳ್ಳಲು. ಇಪ್ಪತ್ತೈದು ವರ್ಷ ಹಿಂದಿನ ಕಾಗದ ಅದನ್ನು ಹೇಳಲಾರದು. ಸಾಮಾನ್ಯವಾಗಿ ಆರು ತಿಂಗಳೊಳಗಿನ ಪ್ರತಿ ಬೇಕಾಗುತ್ತದೆ. ನಿಮ್ಮ ಚರ್ಚು 2012ರಲ್ಲಿ ರಚನೆಯಾದ ಉಡುಪಿ ಧರ್ಮಪ್ರಾಂತ್ಯಕ್ಕೆ ಸೇರಿದ್ದರೂ ಪುಸ್ತಕ ಇರುವುದು ಅದೇ ಧರ್ಮಕೇಂದ್ರದಲ್ಲಿ. ಮಂಗಳೂರಿನ ಕಚೇರಿಗೆ ಅಲೆಯಬೇಕಿಲ್ಲ. ವರನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ಮತ್ತು ಜ್ಞಾನಸ್ನಾನದ ದಿನಾಂಕ ಬರೆದುಕೊಂಡು ಹೋದರೆ ಹುಡುಕುವವರಿಗೆ ಸುಲಭ. ಮದುವೆಯ ಪ್ರಕಟಣೆಗೆ ಮೂರು ಭಾನುವಾರ ಬೇಕಾಗುವುದರಿಂದ, ಮತ್ತು ದುಬೈಯಿಂದ ಬರಬೇಕಾದ ಪತ್ರವೂ ಇರುವುದರಿಂದ, ಸಭಾಭವನ ಕಾಯ್ದಿರಿಸುವ ಮೊದಲೇ ಚರ್ಚಿನ ಕಚೇರಿಗೆ ಹೋಗಿ.