ಕತ್ತಲೆಯಲ್ಲಿ ಕೈಗೆ ಸಿಗುವ ಮರದ ಪೆಟ್ಟಿಗೆ

ಪ್ರಶ್ನೆ: ನಮ್ಮದು ಬೀದರಿನ ಬಡಿಗರ ಮನೆತನ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಈಗ ನಾಟಕ ಮತ್ತು ಸಂಗೀತ ಕಾರ್ಯಕ್ರಮಗಳಲ್ಲಿ ವೇದಿಕೆಯ ಹಿಂಬದಿಯ ಪರದೆಗೆ ನೇರವಾಗಿ ವಿಡಿಯೊ ಬೆರೆಸಿ ತೋರಿಸುತ್ತೇನೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕಂಟ್ರೋಲರ್‌ನ ಗುಂಡಿಗಳು ತೀರ ಒತ್ತೊತ್ತಾಗಿವೆ. ಕಳೆದ ಪ್ರದರ್ಶನದಲ್ಲಿ ಕತ್ತಲೆಯಲ್ಲಿ ಬೆರಳು ತಪ್ಪಿ, ಕರುಣ ರಸದ ದೃಶ್ಯದ ನಡುವೆ ಪರದೆ ಪೂರ್ತಿ ಬೆಳ್ಳಗಾಯಿತು. ಮರದಲ್ಲಿ ನಾನೇ ಒಂದು ಕಂಟ್ರೋಲರ್ ಮಾಡಿಕೊಳ್ಳಬಹುದೇ? ಯಾವ ಮರ, ಯಾವ ಬೋರ್ಡ್, ಎಷ್ಟು ಗುಂಡಿಗಳು ಬೇಕು?
— ಓದುಗರೊಬ್ಬರು, ಬೀದರ್

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆದರೆ ನೀವು ಕೊನೆಗೆ ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಕಂಡುಕೊಳ್ಳಬೇಕು. ನಿಮ್ಮ ಒಂದು ಪ್ರದರ್ಶನದಲ್ಲಿ ಕೈ ನಿಜವಾಗಿ ಏನೇನು ಮಾಡುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸರಿಸುವ ನಾಲ್ಕು ಫೇಡರ್, ತಿರುಗಿಸುವ ನಾಲ್ಕು ನಾಬ್ ಹಾಗೂ ಪರದೆಯನ್ನು ಒಮ್ಮೆಲೇ ಕಪ್ಪಾಗಿಸುವ ಒಂದು ಗುಂಡಿ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಕಪ್ಪಾಗಿಸುವ ಗುಂಡಿಯನ್ನು ಉಳಿದವುಗಳಿಂದ ದೂರದಲ್ಲಿ, ಮರದಲ್ಲಿ ತುಸು ತಗ್ಗು ತೋಡಿ ಕೂರಿಸಿ. ಹಾಗೆ ಮಾಡಿದರೆ ಅಂಗೈ ತಾಗಿದರೂ ಅದು ಒತ್ತುವುದಿಲ್ಲ. ಫೇಡರ್‌ಗಳ ನಡುವೆ ಕನಿಷ್ಠ ಎರಡು ಬೆರಳಗಲದ ಜಾಗ ಬಿಡಿ. ಮರ ಕೊಯ್ಯುವ ಮೊದಲು ರಟ್ಟಿನಲ್ಲಿ ಒಂದು ಮಾದರಿ ಮಾಡಿ, ಕಣ್ಣು ಮುಚ್ಚಿಕೊಂಡು ಇಡೀ ಪ್ರದರ್ಶನವನ್ನು ಅದರ ಮೇಲೆ ನಡೆಸಿ ನೋಡಿ. ಕೈ ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಜಾಗ ಬದಲಿಸಿ.

ಮರದ ವಿಷಯದಲ್ಲಿ ಚೆನ್ನಾಗಿ ಒಣಗಿದ ಸಾಗವಾನಿಯೇ ಸುರಕ್ಷಿತ. ಬಂಡಿಗೆ ಬಳಸುವ ಜಾಲಿಯೂ ಗಟ್ಟಿಯೇ, ಆದರೆ ಉಳಿಗೆ ಸುಲಭವಾಗಿ ಮಣಿಯುವುದಿಲ್ಲ. ಮರ ನಾರಿನ ಉದ್ದಕ್ಕೆ ಬಹುತೇಕ ಬದಲಾಗದೆ, ನಾರಿಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ ಎಂಬುದು ನಿಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಆದ್ದರಿಂದ ಫೇಡರ್‌ಗಳ ಸೀಳುಗಳನ್ನು ನಾರಿನ ಉದ್ದಕ್ಕೇ ಕೊರೆಯಿರಿ. ಅಡ್ಡ ಕೊರೆದರೆ ಎರಡು ಸೀಳುಗಳ ನಡುವೆ ಉಳಿಯುವ ಪಟ್ಟಿಯಲ್ಲಿ ನಾರು ತುಂಡಾಗಿರುವುದರಿಂದ ಅದು ಬೇಗ ಮುರಿಯುತ್ತದೆ.

ಹೆಚ್ಚಿನವರು ಎಡವುವುದು ಹಲಗೆಯ ದಪ್ಪದಲ್ಲಿ. ನಾಬ್‌ನ ಕೆಳಗಿರುವ, ರೇಡಿಯೊ ರಿಪೇರಿಯವರು ವಾಲ್ಯೂಮ್ ಕಂಟ್ರೋಲ್ ಎಂದು ಕರೆಯುವ ಪೊಟೆನ್ಶಿಯೋಮೀಟರ್‌ನ ತಿರುಪಿನ ಕುತ್ತಿಗೆ ಸಾಮಾನ್ಯವಾಗಿ 7 ಮಿಲಿಮೀಟರ್ ಉದ್ದವಿರುತ್ತದೆ, ಕೆಲವಲ್ಲಿ ಅದಕ್ಕಿಂತಲೂ ಕಡಿಮೆ. ನಟ್ಟು ಮತ್ತು ವಾಷರ್ ಹಾಕಿದ ಮೇಲೆ ಅದು ತೆಳು ತಗಡನ್ನಷ್ಟೇ ಹಿಡಿಯಬಲ್ಲದು, 18 ಮಿಲಿಮೀಟರಿನ ಹಲಗೆಯನ್ನಲ್ಲ. ಹಿಂಬದಿಯಿಂದ ತಗ್ಗು ಕೊರೆದು ಮರವನ್ನು 3 ಮಿಲಿಮೀಟರಿಗೆ ಇಳಿಸುವುದು ಒಂದು ದಾರಿ, ಆದರೆ ಅಷ್ಟು ತೆಳುವಾದ ಮರ ಸೀಳುವ ಭಯವಿದೆ. ಎಲ್ಲ ಭಾಗಗಳನ್ನೂ ಕೆಳಗೆ ಒಂದು ಅಲ್ಯೂಮಿನಿಯಂ ತಗಡಿಗೆ ಬಿಗಿದು, ಮರವನ್ನು ಅದರ ಮೇಲಿನ ಮುಚ್ಚಳವಾಗಿ ಮಾತ್ರ ಇಡುವುದು ಇದಕ್ಕಿಂತ ಒಳ್ಳೆಯದು. ಬಾಗಿಲಿನ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಸಡಿಲವಾಗಿ ಕೂರಿಸುವಂತೆಯೇ ಈ ಮುಚ್ಚಳವನ್ನೂ ಕೂರಿಸಿದರೆ, ಬೇಸಿಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ಮರ ತನ್ನಷ್ಟಕ್ಕೆ ತಾನು ಹಿಗ್ಗಿ ಕುಗ್ಗುತ್ತದೆ, ಫೇಡರ್ ಸಿಕ್ಕಿಹಾಕಿಕೊಳ್ಳುವುದಿಲ್ಲ.

ನಾಬ್, ಫೇಡರ್‌ಗಳನ್ನು ಓದಿ ಲ್ಯಾಪ್‌ಟಾಪ್‌ಗೆ ತಿಳಿಸುವ ಬೋರ್ಡ್‌ಗೆ ಆರ್ಡುಯಿನೊ ಲಿಯೊನಾರ್ಡೊ ಸಾಕು. ಅದರ ಚಿಪ್‌ನಲ್ಲೇ ಯುಎಸ್‌ಬಿ ಇರುವುದರಿಂದ ತಕ್ಕ ಪ್ರೋಗ್ರಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಅದನ್ನು ನೇರವಾಗಿ ಮಿಡಿ (ವಾದ್ಯಗಳೂ ಕಂಪ್ಯೂಟರ್‌ಗಳೂ ಮಾತಾಡಿಕೊಳ್ಳುವ ಭಾಷೆ) ಸಾಧನವೆಂದು ಗುರುತಿಸುತ್ತದೆ. ಅಗ್ಗದ ಹಳೆಯ ಊನೊ (ಆರ್3) ಬೋರ್ಡ್‌ಗೆ ಈ ಅನುಕೂಲವಿಲ್ಲ. 1983ರಲ್ಲಿ ಸಂಗೀತ ವಾದ್ಯಗಳಿಗಾಗಿ ಬಂದ ಮಿಡಿ ಭಾಷೆಯನ್ನು ರೆಸೊಲ್ಯೂಮ್, ವಿಡಿಎಂಎಕ್ಸ್‌ನಂತಹ ವಿಡಿಯೊ ತಂತ್ರಾಂಶಗಳೂ ಅರ್ಥಮಾಡಿಕೊಳ್ಳುತ್ತವೆ. ನಾಬ್‌ಗೂ ಫೇಡರ್‌ಗೂ ಪೊಟೆನ್ಶಿಯೋಮೀಟರ್‌ಗಳು 10 ಕಿಲೊಓಮ್‌ನ, ಸರಿಸಿದಷ್ಟೇ ಸಮನಾಗಿ ಬದಲಾಗುವ ಲೀನಿಯರ್ ಬಗೆಯವು ಇರಲಿ. ಧ್ವನಿಗೆಂದು ಮಾರುವ ಲಾಗ್ ಬಗೆಯದನ್ನು ತಂದರೆ ಫೇಡರ್‌ನ ಮೊದಲರ್ಧದಲ್ಲಿ ಚಿತ್ರ ಅಷ್ಟಾಗಿ ಬದಲಾಗದೆ ಕೊನೆಯಲ್ಲಿ ಒಮ್ಮೆಲೇ ಜಿಗಿಯುತ್ತದೆ. ಪ್ರತಿಯೊಂದರ ಎರಡು ತುದಿಗಳನ್ನು 5 ವೋಲ್ಟ್ ಮತ್ತು ಗ್ರೌಂಡ್‌ಗೆ, ನಡುವಿನ ಕಾಲನ್ನು ಅನಲಾಗ್ ಪಿನ್‌ಗೆ ಬೆಸೆಯಿರಿ.

ಬಣ್ಣದ ದೀಪಗಳನ್ನು ಹಾಕುವ ಆಸೆ ಬಂದರೆ ನಿಮ್ಮೂರಿನ ಕೋಟೆಯ ರಂಗೀನ್ ಮಹಲಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಕೆತ್ತಿದ ಮರದ ಕಂಬಗಳನ್ನೂ, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿಯನ್ನೂ ನೋಡಿದರೆ, ಫೇಡರ್‌ನ ಪಕ್ಕ ಮರದಲ್ಲಿ ಕೂರಿಸಿದ ಒಂದು ಚಿಪ್ಪಿನ ಚುಕ್ಕೆ ಲ್ಯಾಪ್‌ಟಾಪಿನ ಮಂದ ಬೆಳಕಿನಲ್ಲೂ ಸಾಕಷ್ಟು ಹೊಳೆಯುತ್ತದೆಂದು ಹೊಳೆದೀತು. ಎಲ್‌ಇಡಿಯಂತೆ ಅದು ಕಣ್ಣು ಕುಕ್ಕುವುದಿಲ್ಲ, ಬೆರಳಿಗೂ ಗುರುತಾಗುತ್ತದೆ. ಕೊನೆಯಲ್ಲಿ ಅಗಸೆ ಎಣ್ಣೆ ಹಚ್ಚುವುದಾದರೆ ಒಂದು ಎಚ್ಚರಿಕೆ ಇರಲಿ: ಆ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ.

ಪ್ರಶ್ನೆ: ನಾನು ಮಾಡಿದ ಪೆಟ್ಟಿಗೆಯಲ್ಲಿ ಕೈ ಮುಟ್ಟದಿದ್ದರೂ ಚಿತ್ರದ ಬೆಳಕು ಸಣ್ಣಗೆ ನಡುಗುತ್ತದೆ. ನಿಧಾನವಾಗಿ ಕತ್ತಲಾಗಿಸುವಾಗ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮರವೇ ಕಾರಣವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಡುಕಕ್ಕೆ ಮರವೂ ಸ್ವಲ್ಪ ಕಾರಣ, ಮೆಟ್ಟಿಲಿಗೆ ಅಲ್ಲ. ಲೋಹದ ಪೆಟ್ಟಿಗೆ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವಂತೆ ಮರ ತಡೆಯುವುದಿಲ್ಲ. ಒಳಗೋಡೆಗೆ ತಾಮ್ರದ ಟೇಪು ಅಂಟಿಸಿ ಗ್ರೌಂಡ್‌ಗೆ ಸೇರಿಸಿ. ಬೋರ್ಡಿನ ಹತ್ತಿರ ಪ್ರತಿ ಅನಲಾಗ್ ಪಿನ್‌ಗೂ ಗ್ರೌಂಡ್‌ಗೂ ನಡುವೆ 0.1 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಹಾಕಿ. ಅದಾದ ಮೇಲೂ ಉಳಿಯುವ ನಡುಕವನ್ನು ಪ್ರೋಗ್ರಾಮಿನಲ್ಲಿ ನಿಲ್ಲಿಸಬೇಕು: ಬೋರ್ಡ್ ಫೇಡರನ್ನು 0ರಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ, ಆ ಅಂಕಿ ಹಿಂದೆ ಕಳುಹಿಸಿದ್ದಕ್ಕಿಂತ ಏಳೆಂಟು ಬದಲಾದಾಗ ಮಾತ್ರ ಹೊಸ ಸಂದೇಶ ಹೋಗಲಿ.

ಇನ್ನು ಮೆಟ್ಟಿಲಿನ ಮಾತು. ಸಾಮಾನ್ಯ ಮಿಡಿ ನಿಯಂತ್ರಣ ಸಂದೇಶದಲ್ಲಿ 0ರಿಂದ 127ರವರೆಗೆ, ಅಂದರೆ 128 ಹಂತಗಳು ಮಾತ್ರ ಇರುತ್ತವೆ. 30 ಸೆಕೆಂಡುಗಳಲ್ಲಿ ದೃಶ್ಯವನ್ನು ಕತ್ತಲಾಗಿಸಿದರೆ ಸೆಕೆಂಡಿಗೆ ನಾಲ್ಕು ಹಂತಗಳಷ್ಟೇ ಸಿಗುತ್ತವೆ, ಅದನ್ನು ಕಣ್ಣು ಹಿಡಿದುಬಿಡುತ್ತದೆ. ನಿಮ್ಮ ತಂತ್ರಾಂಶದಲ್ಲಿ ಬದಲಾವಣೆಯನ್ನು ನಯಗೊಳಿಸುವ ಸೌಲಭ್ಯವಿದ್ದರೆ ಅದನ್ನು ಬಳಸಿ. ಇಲ್ಲವಾದರೆ ಎರಡು ಸಂದೇಶಗಳನ್ನು ಜೋಡಿಸುವ 14 ಬಿಟ್ ಮಿಡಿಗೆ ಅಥವಾ ಹೆಚ್ಚು ಸೂಕ್ಷ್ಮ ಅಂಕಿಗಳನ್ನು ಕಳುಹಿಸುವ ಓಎಸ್‌ಸಿ (ಓಪನ್ ಸೌಂಡ್ ಕಂಟ್ರೋಲ್) ಪದ್ಧತಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ನಾಬ್‌ಗಳ ಬದಲು ಬಿದ್ರಿ ನಾಬ್‌ಗಳನ್ನು ಹಾಕಬಹುದೇ?
— ಓದುಗರೊಬ್ಬರು, ಹುಮನಾಬಾದ್

ಉತ್ತರ: ಹಾಕಬಹುದು, ಸೊಗಸಾಗಿಯೂ ಇರುತ್ತದೆ. ಸತುವಿನ ಎರಕವಾದ್ದರಿಂದ ನಾಬ್ ಚಿಕ್ಕದಿರಲಿ. ತೂಕ ಹೆಚ್ಚಾದರೆ ಅಗ್ಗದ ಪೊಟೆನ್ಶಿಯೋಮೀಟರ್‌ನ ದಂಡ ಬೇಗ ಸಡಿಲಾಗುತ್ತದೆ. 6 ಮಿಲಿಮೀಟರ್ ದಂಡಕ್ಕೆ ತಕ್ಕ ತೂತನ್ನೂ ಬದಿಯ ಸ್ಕ್ರೂವಿನ ತಿರುಪನ್ನೂ ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸುವ ಮೊದಲೇ ಕೊರೆಸಿಕೊಳ್ಳಿ, ಆಮೇಲೆ ಕೊರೆದರೆ ಅಂಚಿನ ಕಪ್ಪು ಹೋಗಿ ಬೂದು ಲೋಹ ಕಾಣುತ್ತದೆ. ಕಸುಬುದಾರರಿಗೆ ಹೂಬಳ್ಳಿಯ ಬದಲು ನಡುವಿನಿಂದ ಅಂಚಿಗೆ ಒಂದೇ ಬೆಳ್ಳಿಯ ಗೆರೆ ಕೂರಿಸಲು ಹೇಳಿ: ನಾಬ್ ಎಷ್ಟು ತಿರುಗಿದೆ ಎಂಬುದನ್ನು ಆ ಗೆರೆಯೇ ತೋರಿಸುತ್ತದೆ. ಬೆರಳಿನ ಉಜ್ಜಾಟಕ್ಕೆ ಕಪ್ಪು ಮಾಸಿದಾಗ ಸ್ವಲ್ಪ ಎಣ್ಣೆ ಸವರಿ ಒರೆಸಿ.