ಮ್ಯಾಳಿಗಿ ಕಿತ್ತವರು ಮತ್ತ ಮುಚ್ಚಿಕೊಟ್ರೇನ್ರಿ?

ಹುಬ್ಬಳ್ಳಿಯ ಕೇಶ್ವಾಪುರದಿಂದ ಸಹೋದರಿಯೊಬ್ಬರು ಬರೆದ ಪತ್ರದ ಸಾರ ಇಷ್ಟು: “ನಮ್ಮ ಮನೆಯಲ್ಲಿ ಗುರುವಾರ ಸಂಜೆ ಹೊಸಬರಿಗಾಗಿ ಸತ್ಯವೇದ (ಬೈಬಲ್) ಓದುವ ಕೂಟ ಶುರುಮಾಡಿ ನಾಲ್ಕು ತಿಂಗಳಾಯಿತು. ಏಳು ಜನ ಬರುತ್ತಿದ್ದರು, ಈಗ ಇಬ್ಬರೇ ಉಳಿದಿದ್ದಾರೆ. ಯೇಸುವಿನ ಕತೆ ಹೇಳುವ ಮತ್ತಾಯನ ಸುವಾರ್ತೆಯ ಮೊದಲನೇ ಅಧ್ಯಾಯದಿಂದ ಆರಂಭಿಸಿದೆವು. ಸಭೆಯ ಹಿರಿಯರು ಮೂವರು ನೆರವಿಗೆ ಬರುತ್ತಾರೆ. ಅಬ್ರಹಾಮ ಮಗನನ್ನೇ ಬಲಿಕೊಡಲು ಹೊರಟದ್ದು ಸರಿಯೇ ಎಂದು ಒಬ್ಬ ಹುಡುಗ ಕೇಳಿದಾಗ ನನ್ನ ಬಾಯಿ ಕಟ್ಟಿತು. ಅವ್ವ ತಂದ ಪ್ರಸಾದ ತಿನ್ನಬೇಕೋ ಬೇಡವೋ ಎಂದು ಇನ್ನೊಬ್ಬಳು ಕೇಳಿದಳು, ಅದಕ್ಕೂ ಉತ್ತರ ಹೊಳೆಯಲಿಲ್ಲ. ನಾನು ಥಿಯಾಲಜಿ ಓದಿದವಳಲ್ಲ. ಕೂಟ ನಿಲ್ಲಿಸಲೇ?”

ಅಕ್ಕಾರೆ, ವಂದನೆಗಳು.

ನಿಲ್ಲಿಸಬೇಡಿ. ಆದರೆ ಆ ಮೂವರು ಹಿರಿಯರಲ್ಲಿ ಇಬ್ಬರಿಗಾದರೂ ಗುರುವಾರ ಮನೆಯಲ್ಲೇ ಇರಿ ಅಂತ ಹೇಳಿ. ಹೇಳುವುದು ಕಷ್ಟವಾದರೆ ಈ ಪುಟವನ್ನೇ ತೋರಿಸಿ, ಬೈಗುಳ ನನಗೇ ಬರಲಿ. ಹೊಸಬರ ನಡುವೆ ಮೂವರು ಬಲ್ಲವರು ಕೂತರೆ ಪ್ರಶ್ನೆ ಪೂರ್ತಿ ಬಾಯಿಂದ ಹೊರಬೀಳುವ ಮೊದಲೇ ಉತ್ತರ ಬಂದುಬಿಡುತ್ತದೆ. ಹೊಸಬರು ಎರಡು ವಾರ ತಲೆಯಾಡಿಸುತ್ತಾರೆ, ಮೂರನೇ ವಾರ “ಮನ್ಯಾಗ ಕೆಲಸ ಐತ್ರಿ” ಅಂತಾರೆ.

ಇದು ನನಗೆ ಗೊತ್ತಿರುವುದು ಯಾಕೆಂದರೆ, ಹಿಂದೊಮ್ಮೆ ನಾನೇ ಆ ಬಲ್ಲವನಾಗಿದ್ದೆ. ಬೆಟಗೇರಿಯ ನೇಕಾರರ ಓಣಿಯಲ್ಲೊಂದು ಮನೆ. ಪಕ್ಕದ ಮನೆಯ ಮಗ್ಗದ ಸದ್ದು ನಿಲ್ಲುವುದನ್ನು ಕಾದು ಶುರುಮಾಡುತ್ತಿದ್ದೆವು. ಆ ದಿನ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ. ಕಪೆರ್ನೌಮಿನ ಮನೆ, ಬಾಗಿಲ ತನಕ ಜನ, ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದು, ದಾರಿ ಸಿಗದೆ ಮಾಳಿಗೆ ಬಗೆದು, ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಮೊದಲು ನಿನ್ನ ಪಾಪ ಕ್ಷಮಿಸಿದೆ ಅನ್ನುತ್ತಾರೆ, ಆಮೇಲೆ ಎದ್ದು ನಡೆ ಅನ್ನುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ: ಪಾಪಕ್ಷಮೆ, ಮನುಷ್ಯಕುಮಾರನ ಅಧಿಕಾರ, ಇತ್ಯಾದಿ. ನರಗುಂದದ ಕಡೆಯ ಒಬ್ಬ ಗೌಂಡಿ ಗೋಡೆಗೆ ಒರಗಿ ಕೂತಿದ್ದವನು ನಡುವೆ ಕೇಳಿದ: “ಸರ್ರ, ಮ್ಯಾಳಿಗಿ ಕಿತ್ರಲ್ಲ, ಆಮ್ಯಾಲೆ ಮುಚ್ಚಿಕೊಟ್ರೇನ್ರಿ?”

ಎಲ್ಲರೂ ನಕ್ಕರು. ನಾನೂ ನಕ್ಕು, ಮುಖ್ಯವಾದದ್ದು ಅದಲ್ಲ ಅಂತ ಹೇಳಿ ಮೂರನೇ ಪುಟಕ್ಕೆ ಹೋದೆ. ಆತ ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ಆರೇಳು ವರ್ಷದ ಮೇಲೆ ಧಾರವಾಡದ ಇನ್ನೊಂದು ಮನೆಯಲ್ಲಿ ಅದೇ ಅಧ್ಯಾಯ ಬಂತು. ಈ ಸಲ ಗೌಂಡಿಯ ಪ್ರಶ್ನೆಯನ್ನು ನಾನೇ ಕೇಳಿದೆ. ಕೂತವರಲ್ಲಿ ಅರ್ಧಕ್ಕರ್ಧ ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿ ಬೆಳೆದವರು. ತೊಲೆ, ಜಂತಿ, ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಅದನ್ನು ಬಗೆಯುವಾಗ ಕೆಳಗೆ ಕೂತವರ ತಲೆ ಮೇಲೆ ಏನೇನು ಉದುರುತ್ತದೆ ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. “ಯೇಸುಸ್ವಾಮಿ ಕಣ್ಣಾಗೂ ಮಣ್ಣು ಬಿದ್ದಿರಬೇಕ್ರಿ” ಎಂದಳು ಒಬ್ಬ ಹುಡುಗಿ. ಮಳೆಗಾಲ ಹತ್ತಿರವಿದ್ದರೆ ಮನೆಯವನ ಗತಿ ಏನು ಎಂಬ ಚರ್ಚೆ ಹತ್ತು ನಿಮಿಷ ನಡೆಯಿತು. ಕೊನೆಗೆ ಮೂಲೆಯಲ್ಲಿದ್ದ ಅಜ್ಜಿ ಕೇಳಿದರು: “ಅಂವ ಕಾಲು ಕೇಳಾಕ ಬಂದಾಂವ. ಮೊದಲ ಪಾಪದ ಮಾತು ಯಾಕ ತಗದ್ರು?” ನನ್ನ ನಾಲ್ಕು ಪುಟ ಹೋಗಿ ಮುಟ್ಟಬೇಕೆಂದಿದ್ದ ಜಾಗಕ್ಕೆ ಆಕೆ ತಾನೇ ನಡೆದು ಬಂದಿದ್ದಳು. ಕತೆಯಲ್ಲಿ ಶಾಸ್ತ್ರಿಗಳು, ಅಂದರೆ ಯೆಹೂದ್ಯರ ಧರ್ಮಪಂಡಿತರು, ಸಿಟ್ಟಾದದ್ದೂ ಅಲ್ಲೇ.

ಒಂದು ವಾರದ ಮೇಲೆ ಒಬ್ಬ ಹುಡುಗ, ಲೂಕ ತನ್ನ ಸುವಾರ್ತೆಯಲ್ಲಿ ಇದೇ ಕತೆ ಹೇಳುವಾಗ ಹೆಂಚು ತೆಗೆದರು ಅಂತ ಬರೆದಿದ್ದಾನಲ್ಲ ಎಂದು ಹುಡುಕಿಕೊಂಡು ಬಂದ. ಲೂಕ ತನ್ನ ಓದುಗರ ಕಣ್ಣಿಗೆ ಕಟ್ಟುವ ಹಾಗೆ, ಅವರ ಊರಿನ ಮನೆಯ ಲೆಕ್ಕದಲ್ಲಿ ಬರೆದಿರಬಹುದು ಅಂತ ನನ್ನ ಅನಿಸಿಕೆ. (ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದವರು. ಅವರಿಗೆ ಲೂಕನ ಪಾಠವೇ ಹೆಚ್ಚು ಹಿಡಿಸಿರಬೇಕು.)

ಆದ್ದರಿಂದ ಮತ್ತಾಯನನ್ನು ಸದ್ಯ ಬದಿಗಿಡಿ. ಅಬ್ರಹಾಮನಿಂದ ಕ್ರಿಸ್ತನ ತನಕ ಹದಿನಾಲ್ಕರ ಹಾಗೆ ಮೂರು ಕಂತಿನ ವಂಶಾವಳಿ ನಮಗೆ ರುಚಿ, ಯಾಕೆಂದರೆ ತಾಮಾರಳೂ ರೂತಳೂ ಯಾರೆಂದು ನಮಗೆ ಗೊತ್ತು. ಹೊಸಬರಿಗೆ ಅದು ಪರರ ಮನೆಯ ರೇಷನ್ ಕಾರ್ಡ್. ಮಾರ್ಕನಿಂದ ಶುರುಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಹದಿನಾರೇ ಅಧ್ಯಾಯ, ಗಟ್ಟಿಯಾಗಿ ಓದಿದರೆ ಸುಮಾರು ಒಂದೂವರೆ ತಾಸು. ವಾರಕ್ಕೊಂದು ಪ್ರಸಂಗ ಸಾಕು. ಮೊದಲು ಸತ್ಯವೇದದ ಹಳೇ ಅನುವಾದದಲ್ಲಿ ಒಬ್ಬರು, ಆಮೇಲೆ ಸರಳ ಅನುವಾದದಲ್ಲಿ ಇನ್ನೊಬ್ಬರು ಓದಲಿ. ಓದಲು ಬಾರದವರಿದ್ದರೆ ಸರದಿ ಹಚ್ಚಬೇಡಿ, ಪುಸ್ತಕ ತಮ್ಮ ಹತ್ತಿರ ಬರುವ ಮೊದಲೇ ಅವರು ಎದ್ದು ಹೋಗುತ್ತಾರೆ. ಒಂದು ತಾಸಿಗೆ ಮುಗಿಸಿ. ಮೊದಲ ಸಭೆಗಳ ಬೋಧಕ ಪೌಲನು ನಡುರಾತ್ರಿಯ ತನಕ ಮಾತಾಡಿದ್ದಕ್ಕೆ ಯೂತಿಖನೆಂಬ ಹುಡುಗ ನಿದ್ದೆಗಣ್ಣಲ್ಲಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಅವನನ್ನು ಎಬ್ಬಿಸಲು ಪೌಲನಿದ್ದ, ನಮ್ಮ ಹತ್ತಿರ ಯಾರಿದ್ದಾರೆ?

ಅಬ್ರಹಾಮನ ಪ್ರಶ್ನೆ. “ನನಗೂ ಅದನ್ನು ಓದಿದರೆ ಎದೆ ನಡುಗುತ್ತದೆ” ಅಂತ ಆ ಹುಡುಗನಿಗೆ ಹೇಳಬಹುದಿತ್ತು. ಹೇಳಿದರೆ ಮರ್ಯಾದೆ ಹೋಗುವುದಿಲ್ಲ. ಅವನು ಮತ್ತೆ ಬಂದರೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 22ನೇ ಅಧ್ಯಾಯದ ಮೊದಲ ಹತ್ತೊಂಬತ್ತು ವಚನಗಳನ್ನು ಅವನ ಕೈಯಿಂದಲೇ ಓದಿಸಿ, ಕತ್ತಿ ಎತ್ತಿದಲ್ಲಿಗೆ ನಿಲ್ಲಿಸದೆ, ಮಗನ ಬದಲು ಬಲಿಯಾದ ಟಗರಿನ ತನಕ. ಬರದಿದ್ದರೆ ನೀವೇ ಅವನ ಮನೆಗೆ ಹೋಗಿ ಕೇಳಿ.

ಪ್ರಸಾದದ್ದು ಸೂಕ್ಷ್ಮ. ನಮ್ಮ ಸಭೆಗಳಲ್ಲೇ ಇದಕ್ಕೆ ಒಂದೇ ಅಭಿಪ್ರಾಯವಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ 8 ಮತ್ತು 10ನೇ ಅಧ್ಯಾಯಗಳು ಇದೇ ಜಗಳದವು. ಅಲ್ಲಿ ತಿನ್ನುವ ಸ್ವಾತಂತ್ರ್ಯವೂ ಇದೆ, ದೆವ್ವಗಳ ಪಂಕ್ತಿಗೆ ಕೂಡಬೇಡಿ ಎಂಬ ಎಚ್ಚರಿಕೆಯೂ ಇದೆ. ಎರಡನ್ನೂ ಓದಿಸಿ, ತೀರ್ಪು ನೀವು ಕೊಡಬೇಡಿ. ಸಿದ್ಧಾರೂಢರ ಮಠದಿಂದ ಅವ್ವ ಮಡಿಲಲ್ಲಿ ಕಟ್ಟಿಕೊಂಡು ತಂದದ್ದನ್ನು ಮಗಳು ಏನು ಮಾಡಬೇಕೆಂದು ಕೇಶ್ವಾಪುರದಲ್ಲಿ ಕೂತು ಠರಾವು ಮಾಡುವ ಹಕ್ಕು ನಮಗಿಲ್ಲ.

ಆ ಹುಡುಗಿಯ ಎದುರು ನಿಮ್ಮ ಹಿರಿಯರು ಯಾರಾದರೂ “ಅನ್ಯರು” ಎಂಬ ಮಾತು ಆಡಿದ್ದರೇ? 1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದಾಗಿನಿಂದ ನಮ್ಮೊಳಗೆ ಒಂದು ಒಳಭಾಷೆ ಬೆಳೆದಿದೆ. ಸಾಕ್ಷಿ ಅಂದರೆ ಹೊರಗಿನವರಿಗೆ ಕೋರ್ಟು ನೆನಪಾಗುತ್ತದೆ, ರಕ್ಷಣೆ ಅಂದರೆ ಪೊಲೀಸರು. ಅವುಗಳನ್ನು ಬಿಡಿಸಿ ಹೇಳಬಹುದು. ಅನ್ಯರು ಎಂಬುದನ್ನು ಬಿಡಿಸಿ ಹೇಳುವುದೇ ಬೇಡ, ಅವಳಿಗೆ ಅರ್ಥವಾಗಿರುತ್ತದೆ: ಅದು ಅವಳ ಅವ್ವ. ಹಾಗೆಯೇ ಮೊದಲ ದಿನವೇ ಹೊಸಬರಿಗೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿ ಅನ್ನುವುದು ಬೇಡ.

ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯ ನಂತರ “ಆಮಿಷ” ಎಂಬ ಶಬ್ದ ಎಲ್ಲರ ಬಾಯಲ್ಲಿದೆ. ಕಾಯ್ದೆಯ ಮಾತು ಇರಲಿ, ಅಕ್ಕಿ ಚೀಲ, ಫೀಸು, “ಬಂದರೆ ಬ್ಯಾನಿ ವಾಸಿ ಆಗ್ತದ” ಎಂಬ ಭರವಸೆ ಯಾವುದೂ ಗುರುವಾರದ ಕೂಟಕ್ಕೆ ಸೇರಿದ್ದಲ್ಲ. ಚಹಾ, ಗಿರಮಿಟ್ ಸಾಕು. ಬಾಗಿಲು ತೆರೆದೇ ಇರಲಿ, ಓಣಿಯವರು ಇಣುಕಿದರೆ ಅವರಿಗೂ ಒಂದು ಕಪ್ಪು ಕೊಡಿ.

ಮಾರ್ಕನ ಸುವಾರ್ತೆಯ ಬಿಡಿ ಪುಸ್ತಕ, ದಪ್ಪ ಅಕ್ಷರದ್ದು, ಎಂಟು ಪ್ರತಿ ಅಂಚೆಯಲ್ಲಿ ಕಳಿಸಿದ್ದೇನೆ. ಇಬ್ಬರೇ ಇದ್ದಾರೆ ಅಂತ ಉಳಿದವನ್ನು ವಾಪಸು ಕಳಿಸಬೇಡಿ. ಎರಡನೇ ಅಧ್ಯಾಯ ಬಂದ ದಿನ ಮಾಳಿಗೆಯ ಪ್ರಶ್ನೆ ಕೇಳಿ, ನಿಮ್ಮವರು ಏನಂದರೆಂದು ನನಗೆ ಬರೆಯಿರಿ. ಮುಚ್ಚಿಕೊಟ್ಟರೋ ಇಲ್ಲವೋ ಮಾರ್ಕ ಹೇಳಿಲ್ಲ, ನನಗೆ ಇನ್ನೂ ತಿಳಿಯಬೇಕಾಗಿದೆ.

– ಸಂ.